ಕುಶಾಲಪ್ಪಣ್ಣನ ಇಂಜಿನ್ನೂ ನನ್ನ ಗಂಟಲೂ

ಮನುಷ್ಯನ ಹತ್ತಿರ ಕಾರು ಇರಬೇಕು, ಇಲ್ಲವೇ ಇರಬಾರದು. ಎರಡರಲ್ಲಿ ಯಾವುದಾದರೂ ಜಗತ್ತು ಅವನನ್ನು ಅರ್ಥ ಮಾಡಿಕೊಳ್ಳುತ್ತದೆ. ಇದ್ದವನಿಗೆ ಪೆಟ್ರೋಲಿನ ರೇಟಿನ ಬಗ್ಗೆ ಗೊಣಗುವ ಹಕ್ಕಿದೆ, ಇಲ್ಲದವನಿಗೆ ಬಸ್ಸಿನ ಬಗ್ಗೆ ದೂರುವ ಹಕ್ಕಿದೆ. ಆದರೆ ಕಾರಿಲ್ಲದೆ ಬರೀ ಕಾರಿನ ಇಂಜಿನ್ ಮಾತ್ರ ಇರುವವನ ಪಾಡು ಶತ್ರುವಿಗೂ ಬೇಡ. ನಾನು ಆ ಪೈಕಿ. ಪುತ್ತೂರಿನ ನಮ್ಮ ಮನೆಯ ಜಗಲಿಯಲ್ಲಿ, ಬೇರೆಯವರು ಸೋಫಾ ಇಡುವ ಜಾಗದಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದು ಹಳೆಯ ಕಾರಿನ ಇಂಜಿನ್ ಕೂತಿದೆ. ನನ್ನ ಹೆಂಡತಿ ಮಾನ ಮುಚ್ಚಲೆಂದು ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದೆಸಿದ್ದಾಳೆ. ಬಂದವರು ಹಾರ್ಮೋನಿಯಂ ಇರಬೇಕೆಂದುಕೊಂಡು, ನೀವು ಹಾಡ್ತೀರಾ ಎಂದು ಕೇಳುತ್ತಾರೆ. ಒಮ್ಮೆ ಅವಳ ಸೋದರಮಾವ ಬಟ್ಟೆ ಎತ್ತಿ ನೋಡಿದರು. ಹಿಂದಕ್ಕೆ ಹೋಗಿ ನೋಡಿದರು. ಅಂಗಳಕ್ಕೆ ಇಳಿದು ಅಲ್ಲೂ ನೋಡಿ ಬಂದು, "ಉಳಿದದ್ದು ಎಲ್ಲಿ?" ಎಂದು ಕೇಳಿದರು. ಉಳಿದದ್ದು ಇಲ್ಲ, ಇಷ್ಟೇ ಎಂದೆ. ಅಂದಿನಿಂದ ಅವರು ಫೋನಿನಲ್ಲಿ ನನ್ನ ಬಗ್ಗೆ ವಿಚಾರಿಸುವಾಗ ದನಿ ತಗ್ಗಿಸಿ, ಹುಷಾರಿಲ್ಲದವರ ಬಗ್ಗೆ ಕೇಳುವ ರೀತಿಯಲ್ಲಿ ಕೇಳುತ್ತಾರಂತೆ.

ಆಯುಧಪೂಜೆಯ ದಿನವಂತೂ ನಮ್ಮ ಫಜೀತಿ ಹೇಳಿ ಮುಗಿಯದು. ಭಟ್ಟರು ಇಂಜಿನ್ನಿಗೆ ಗಂಧ, ಕುಂಕುಮ, ಹೂವು ಎಲ್ಲ ಏರಿಸಿ, ಕೊನೆಗೆ ಚಕ್ರದ ಅಡಿಗೆ ಇಡಬೇಕಾದ ಲಿಂಬೆಹಣ್ಣು ಕೈಯಲ್ಲಿ ಹಿಡಿದು ಸುತ್ತಲೂ ಒಂದು ಪ್ರದಕ್ಷಿಣೆ ಬಂದರು. ಚಕ್ರ ಸಿಗಲಿಲ್ಲ. ಶಾಸ್ತ್ರ ಬಿಡುವಂತಿಲ್ಲ. ಕಡೆಗೆ ತಮ್ಮದೇ ಸ್ಕೂಟರಿನ ಚಕ್ರದ ಅಡಿಗೆ ಇಟ್ಟು, ಅದನ್ನು ಅಪ್ಪಚ್ಚಿ ಮಾಡಿಕೊಂಡು ಹಾಗೆಯೇ ಮನೆಗೆ ಹೋದರು.

ಇಷ್ಟಕ್ಕೆಲ್ಲ ಕಾರಣ ಬೆಳ್ಳಾರೆಯ ಕುಶಾಲಪ್ಪಣ್ಣ. ಅಡಿಕೆ, ತೆಂಗು ಸಾಕಷ್ಟು ಇದ್ದ ಗೌಡರ ಮನೆ ಅವರದು. ಉಂಡು ತಿಂದು ಜಗಲಿಯಲ್ಲಿ ಕೂತು ರಾಜಕೀಯ ಮಾತಾಡಿಕೊಂಡಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಅವರಿಗೆ ಇಂಜಿನ್ನಿನ ಹುಚ್ಚು. ಕಾರಿನದಲ್ಲ, ಕೇವಲ ಇಂಜಿನ್ನಿನದು. ನಾನು ಕಾಲೇಜಿನ ಯಾವುದೋ ಶಿಬಿರದ ಕೆಲಸಕ್ಕೆ ಬೆಳ್ಳಾರೆಗೆ ಹೋಗಿದ್ದವನು, ಅವರ ಗೇಟಿನ ಎದುರು ಸ್ಕೂಟರ್ ನಿಲ್ಲಿಸಿದೆ. ಒಳಗಿನಿಂದ ಯಾರೋ ತುಂಬ ವಯಸ್ಸಾದವರು ನಗುತ್ತಾ ಕೆಮ್ಮುತ್ತಿದ್ದಂಥ ಒಂದು ಶಬ್ದ ಬರುತ್ತಿತ್ತು. ಇಣುಕಿದೆ. ತಲೆಗೆ ಅಡಿಕೆ ಹಾಳೆಯ ಟೋಪಿ, ನಮ್ಮ ಕಡೆಯ ಮುಟ್ಟಾಳೆ, ಹಾಕಿಕೊಂಡ ಕುಶಾಲಪ್ಪಣ್ಣ ಕಣ್ಣು ಮುಚ್ಚಿ ಒಂದು ಇಂಜಿನ್ನಿನ ಎದುರು ಕೂತಿದ್ದರು. ಕಣ್ಣು ತೆರೆದು, ನೀವು ಯಾರು, ಎಂತಕ್ಕೆ ಬಂದದ್ದು ಎಂದು ಕೇಳಲಿಲ್ಲ. ನಿಮಗೆ ಇಂಜಿನ್ ಉಂಟಾ ಎಂದು ಕೇಳಿದರು, ಮಕ್ಕಳಿದ್ದಾರಾ ಎಂದು ಕೇಳುವಷ್ಟು ಸಹಜವಾಗಿ. ಇಲ್ಲ ಎಂದೆ. ಅವರ ಮುಖದಲ್ಲಿ ಮರುಕ ಕಾಣಿಸಿತು. ನಾನು ಚಹಾ ಕುಡಿದು ಮುಗಿಸುವುದರೊಳಗೆ ಗೂಡ್ಸ್ ರಿಕ್ಷಾ ಬಂದಿತ್ತು, ಶೆಡ್ಡಿನಲ್ಲಿದ್ದ ಇನ್ನೊಂದು ಇಂಜಿನ್ ಅದಕ್ಕೆ ಏರಿತ್ತು, ಮನೆಯ ದಾರಿಯನ್ನು ನಾನೇ ಡ್ರೈವರನಿಗೆ ಹೇಳುತ್ತಿದ್ದೆ. ನನ್ನ ಬದುಕಿನ ದೊಡ್ಡ ತೀರ್ಮಾನಗಳನ್ನೆಲ್ಲ ನಾನು ಹೀಗೆಯೇ ತೆಗೆದುಕೊಂಡದ್ದು.

ಇದಕ್ಕೆ ಕಾರು ಯಾವಾಗ ಜೋಡಿಸುವುದು ಎಂದು ಆಮೇಲೊಮ್ಮೆ ಕೇಳಿದ್ದೆ. ಕುಶಾಲಪ್ಪಣ್ಣ ನನ್ನ ಅಜ್ಞಾನವನ್ನು ಕ್ಷಮಿಸಿ, "ಕಾರಿಗೆ ಹಾಕಿದರೆ ಇಂಜಿನ್ ಹೋಗಿಬಿಡ್ತದೆ ಮಾಸ್ಟ್ರೆ. ಇಲ್ಲಿದ್ದರೆ ಓಡ್ತದೆ, ಹೋಗುದಿಲ್ಲ" ಎಂದರು. ಅರ್ಥಶಾಸ್ತ್ರ ಕಲಿಸುವ ನನಗೆ ಈ ಮಾತಿನಲ್ಲಿ ಏನೋ ದೊಡ್ಡ ಸತ್ಯ ಇದೆ ಅನ್ನಿಸಿತು. ಏನೆಂದು ಇವತ್ತಿಗೂ ಗೊತ್ತಾಗಿಲ್ಲ.

ಹೀಗೆ ಅವರಿಂದ ದೀಕ್ಷೆ ಪಡೆದವರಲ್ಲಿ ಇನ್ನಿಬ್ಬರನ್ನು ಹೇಳಲೇಬೇಕು. ಒಬ್ಬರು ಸವಣೂರಿನ ಅಬ್ಬಾಸಾಕ, ಅಡಿಕೆ ವ್ಯಾಪಾರಿ. ಅಡಿಕೆಯನ್ನು ಮೂಸಿ, ಮುಟ್ಟಿ ಗುಣ ಹೇಳುವ ಅಭ್ಯಾಸದಿಂದಾಗಿ ಇಂಜಿನ್ನನ್ನೂ ಮೂಸಿ, ಮುಟ್ಟಿಯೇ ಮಾತಾಡುವವರು. ಇನ್ನೊಬ್ಬರು ಆಲಂಕಾರಿನ ಡಾಕ್ಟ್ರು. ಡಾಕ್ಟ್ರು ಎಂದರೆ ದನದ ಡಾಕ್ಟ್ರು, ಈಗ ನಿವೃತ್ತರು. ಇಂಜಿನ್ನಿಗೆ ಸ್ಟೆಥೊಸ್ಕೋಪ್ ಇಟ್ಟು, ಹೊಟ್ಟೆ ಉಬ್ಬರ ಉಂಟು ಎಂದೋ ಮೆಲುಕು ಸರಿ ಇಲ್ಲ ಎಂದೋ ಹೇಳುತ್ತಾರೆ, ಬಹುಪಾಲು ಸರಿಯೇ ಇರುತ್ತದೆ. ಭಾನುವಾರಕ್ಕೊಬ್ಬರ ಮನೆಯಲ್ಲಿ ನಾವು ಸೇರುವುದು. ಮನೆಯವನು ತನ್ನ ಇಂಜಿನ್ ಸ್ಟಾರ್ಟ್ ಮಾಡುತ್ತಾನೆ, ಉಳಿದವರು ಕಣ್ಣು ಮುಚ್ಚಿ ಕೇಳುತ್ತೇವೆ. ಆಫ್ ಆದ ಮೇಲೆ ಅವಲಕ್ಕಿ, ಚಹಾ. ಇಷ್ಟೇ. ಇದರಲ್ಲಿ ನಿಮಗೆ ಎಂತ ಸಿಗುತ್ತದೆ ಎಂದು ನನ್ನ ಹೆಂಡತಿ ಕೇಳಿದ್ದಳು. ಅವಲಕ್ಕಿ ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ.

ಕುಶಾಲಪ್ಪಣ್ಣನ ಧಾರಾಳತನಕ್ಕೆ ಲೆಕ್ಕವಿರಲಿಲ್ಲ. ನಮ್ಮ ಇಂಜಿನ್ನುಗಳು ಹಳೆಯವು, ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನನ್ನ ಕಾರ್ಬುರೇಟರ್, ಅಂದರೆ ಪೆಟ್ರೋಲನ್ನೂ ಗಾಳಿಯನ್ನೂ ಕಲಸಿ ಒಳಗೆ ಕಳಿಸುವ ಭಾಗ, ಹಾಳಾದಾಗ ನಾನು ಸಪ್ಪೆ ಮುಖ ಮಾಡಿಕೊಂಡು ಕೂತಿದ್ದೆ. ಅವರು ಎದ್ದು ಹೋಗಿ, ಸ್ವಂತ ಇಂಜಿನ್ನಿನ ಕಾರ್ಬುರೇಟರನ್ನು ಬಿಚ್ಚಿ ತಂದು ನನ್ನ ಮಡಿಲಿಗೆ ಹಾಕಿದರು. ನಿಮ್ಮದಕ್ಕೆ ಎಂತ ಮಾಡುದು ಅಂದೆ. ಆಗ್ತದೆ, ಹೋಗಿ ಅಂದರು. ಮುಂದಿನ ವಾರ ಹೋಗಿ ನೋಡಿದರೆ ಆ ಜಾಗದಲ್ಲಿ ಒಂದು ಹಿತ್ತಾಳೆಯ ಗಿಂಡಿ. ದೇವರ ಕೋಣೆಯದು. ಅದರ ಕೊಕ್ಕಿನಿಂದ ಪೆಟ್ರೋಲ್ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು, ಇಂಜಿನ್ ಓಡುತ್ತಿತ್ತು. ಅಬ್ಬಾಸಾಕನಿಗೆ ಕರೆಂಟು ಹಂಚುವ ಮುಚ್ಚಳ ಬೇಕಾಯಿತು, ಕೊಟ್ಟರು, ತನ್ನದಕ್ಕೆ ತೆಂಗಿನ ಗರಟೆ ಹಾಕಿಕೊಂಡರು. ಡಾಕ್ಟ್ರಿಗೆ ಸೈಲೆನ್ಸರ್ ಬೇಕಾಯಿತು, ಕೊಟ್ಟರು, ತನ್ನದಕ್ಕೆ ಹಾಲಿನ ಕ್ಯಾನ್ ಸಿಕ್ಕಿಸಿದರು. ಗಾಳಿ ಸೋಸುವ ಡಬ್ಬಿಯೂ ನನಗೇ ಬಂತು, ಅವರದಕ್ಕೆ ಮುಟ್ಟಾಳೆ ಬಂತು. ರೇಡಿಯೇಟರನ್ನು ಯಾರಿಗೆ ಕೊಟ್ಟರೋ, ಅದರ ಬದಲಿಗೆ ಬಚ್ಚಲಿನ ಹಂಡೆಗೆ ಪೈಪು ಎಳೆದರು. ಇಂಜಿನ್ ತಣ್ಣಗಾಗುತ್ತಿತ್ತು, ಸ್ನಾನಕ್ಕೆ ನೀರು ಕಾಯುತ್ತಿತ್ತು. ನಾನೊಮ್ಮೆ ಆ ನೀರಿನಲ್ಲಿ ಮಿಂದಿದ್ದೇನೆ. ಸಂಜೆಯವರೆಗೆ ಪಕ್ಕದಲ್ಲಿ ಕೂತವರೆಲ್ಲ ನನ್ನ ವಾಸನೆಗೆ ಬಸ್ಸು ಬಂತಾ ಎಂದು ತಿರುಗಿ ನೋಡುತ್ತಿದ್ದರು.

ಇಂಜಿನ್ನಿಗೆ ಇವೆಲ್ಲ ಒಗ್ಗಿತು. ಒಗ್ಗದೆ ಇದ್ದವರು ಪೂವಕ್ಕ, ಅವರ ಹೆಂಡತಿ. ಮದುವೆಯಾದ ಲಾಗಾಯ್ತು ಆ ಶಬ್ದಕ್ಕೆ ಶಾಪ ಹಾಕುತ್ತಲೇ ಬಂದವರು. ದಿನಾ ಬೆಳಿಗ್ಗೆ ಕುಶಾಲಪ್ಪಣ್ಣ ಅದನ್ನು ಸ್ಟಾರ್ಟ್ ಮಾಡುವುದು, ಪೂವಕ್ಕ ಒಳಗಿನಿಂದ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಬೈಯುವುದು, ಎರಡೂ ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿಯುತ್ತಿದ್ದವು. ಅದು ಒಂದು ಪಂಪು ತಿರುಗಿಸಿದ್ದಿಲ್ಲ, ಒಂದು ತೆಂಗಿನಕಾಯಿ ಹೆರೆದದ್ದಿಲ್ಲ ಎಂಬುದು ಅವರ ತಕರಾರು. ನಮ್ಮನ್ನು ಕಂಡರೆ ಚಹಾ ಕೊಡುತ್ತಿದ್ದರು, ಆದರೆ ಲೋಟ ಇಡುವ ಶಬ್ದದಲ್ಲೇ ಅವರ ಅಭಿಪ್ರಾಯ ಗೊತ್ತಾಗುತ್ತಿತ್ತು.

ಕುಶಾಲಪ್ಪಣ್ಣ ಹೋದರು. ಹೆಚ್ಚು ನರಳಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ. ನನಗೆ ಅಪ್ಪ ಹೋದಾಗಲೂ ಅಷ್ಟು ಅಳು ಬಂದಿರಲಿಲ್ಲ, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಉತ್ತರಕ್ರಿಯೆಯ ಊಟ ಮುಗಿಸಿ ನಾವು ಮೂವರೂ ಅಂಗಳದ ತುದಿಯಲ್ಲಿ ಕೈ ಒರೆಸುತ್ತಾ ನಿಂತಿದ್ದಾಗ ಅವರ ಸೊಸೆ ಭವ್ಯ ಬಂದು ಹೇಳಿದಳು, ಅತ್ತೆ ಚಹಾ, ಬಾಳೆಹಣ್ಣು ಬಿಟ್ಟರೆ ಏನೂ ತಿನ್ನುವುದಿಲ್ಲವಂತೆ. ಕುಕ್ಕರಿನಲ್ಲಿ ಮಾಡಿಕೊಟ್ಟರೆ ಮುಟ್ಟುವುದಿಲ್ಲ, ತಾನೇ ಕಟ್ಟಿಗೆ ಒಲೆಯಲ್ಲಿ ಕುಚ್ಚಲಕ್ಕಿಗೆ ನೀರಿಡುತ್ತಾರಂತೆ, ಅಕ್ಕಿ ಹಾಕದೆ ಹಾಗೇ ಕೂರುತ್ತಾರಂತೆ. ಮಗ ಹೇಳಿ ನೋಡಿದ, ಮೊಮ್ಮಕ್ಕಳು ಹೇಳಿ ನೋಡಿದವು. ಕೇಳಲಿಲ್ಲ. ಮುಖ ಅರ್ಧ ಆಗಿದೆ, ನೀವಾದರೂ ಮಾತಾಡಿ ಎಂದಳು.

ಒಳಗೆ ಹೋದೆವು. ಪೂವಕ್ಕ ಒಲೆಯ ಹತ್ತಿರ ಕೂತಿದ್ದರು. ಡಾಕ್ಟ್ರು ಆರೋಗ್ಯದ ಬಗ್ಗೆ ಏನೋ ಶುರು ಮಾಡಿದರು, ಮೇವು ಎಂಬ ಮಾತು ಬಾಯಿಗೆ ಬಂದು ಅಲ್ಲೇ ನಿಲ್ಲಿಸಿದರು. ಆಗ ಪೂವಕ್ಕನೇ ಹೇಳಿದರು. "ಆ ದರಿದ್ರದ್ದು ಶುರುವಾದರೆ ನಾನು ಅಕ್ಕಿ ಹಾಕುದು, ಅದು ನಿಂತರೆ ಗಂಜಿ ಬಸಿಯುದು. ಬೇರೆ ಲೆಕ್ಕ ನಾನು ಕಲಿಲೇ ಇಲ್ಲ. ಈಗ ನೀರು ಕುದಿತಾ ಇರ್ತದೆ, ಕೈ ಮುಂದೆ ಹೋಗುದಿಲ್ಲ. ನಿಮ್ಮಿಂದ ಅದನ್ನು ಒಮ್ಮೆ ಓಡಿಸ್ಲಿಕ್ಕೆ ಆಗ್ತದಾ ನೋಡಿ ಮಾಸ್ಟ್ರೆ."

ಆಗುವುದೆಂತ, ಹತ್ತು ನಿಮಿಷದ ಕೆಲಸ ಎಂದು ನಾವು ಮೂವರೂ ಎದೆ ಉಬ್ಬಿಸಿ ಶೆಡ್ಡಿಗೆ ಹೋದೆವು. ಗಿಂಡಿಗೆ ಪೆಟ್ರೋಲ್ ಹೊಯ್ದೆವು. ಗರಟೆ ಒರೆಸಿದೆವು. ಮುಟ್ಟಾಳೆ ಕೊಡವಿದೆವು. ಹ್ಯಾಂಡಲ್ ಹಾಕಿ ತಿರುಗಿಸಿದೆವು, ತಿರುಗಿಸಿದೆವು, ಅಬ್ಬಾಸಾಕನ ಭುಜ ಕೀಲು ತಪ್ಪುವಷ್ಟು ತಿರುಗಿಸಿದೆವು. ಅದು ಚಕಾರ ಎತ್ತಲಿಲ್ಲ. ಗಿಂಡಿಯನ್ನು ಎಷ್ಟು ಓರೆ ಇಡಬೇಕು, ಮುಟ್ಟಾಳೆಯ ಯಾವ ಕಡೆ ಮೇಲೆ, ಯಾರಿಗೂ ಗೊತ್ತಿರಲಿಲ್ಲ. ಡಾಕ್ಟ್ರು ಸ್ಟೆಥೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಗಲೇ ನಮಗೆ ಹೊಳೆದದ್ದು, ಈ ಇಂಜಿನ್ನಿನ ಅಸಲು ಸಾಮಾನೆಲ್ಲ ನಮ್ಮ ಮನೆಗಳಲ್ಲೇ ಇವೆಯಲ್ಲ ಎಂದು.

ಮರುಭಾನುವಾರ ನಾವು ನಮ್ಮ ನಮ್ಮ ಇಂಜಿನ್ನುಗಳನ್ನು ಬಿಚ್ಚಿ ಅವರು ಕೊಟ್ಟದ್ದನ್ನೆಲ್ಲ ತಂದೆವು. ರೇಡಿಯೇಟರ್ ಕೂಡ ಡಾಕ್ಟ್ರ ದನದ ಹಟ್ಟಿಯಲ್ಲೇ ಸಿಕ್ಕಿತು, ಅವರಿಗೇ ನೆನಪಿರಲಿಲ್ಲ. ಒಂದೊಂದನ್ನೇ ಅದರದರ ಜಾಗಕ್ಕೆ ಕೂರಿಸಿ ನೆಟ್ಟು ಬಿಗಿದೆವು. ಗಿಂಡಿಯನ್ನು ತೊಳೆದು ದೇವರ ಕೋಣೆಗೆ ಕೊಟ್ಟೆವು. ಒಮ್ಮೆ ತಿರುಗಿಸಿದ್ದಷ್ಟೇ, ಇಂಜಿನ್ ಹೊಸದರಂತೆ ಹೊರಟಿತು. ಒಂದು ಕೆಮ್ಮಿಲ್ಲ, ಕುಲುಕಾಟವಿಲ್ಲ, ಹೊಗೆಯಿಲ್ಲ. ಹಿಡಿತುಂಬ ಅವರೆಕಾಳು ಅದರ ಮೇಲಿಟ್ಟರೂ ಉರುಳದು, ಅಷ್ಟು ನಯ. ಅಬ್ಬಾಸಾಕ ಮೂಸಿ ನೋಡಿ, ಫಸ್ಟ್ ಕ್ಲಾಸ್ ಎಂದರು. ನನ್ನ ಕಣ್ಣಲ್ಲಿ ನೀರು. ಪೂವಕ್ಕ ಹೊರಗೆ ಬಂದರು. ಸ್ವಲ್ಪ ಹೊತ್ತು ನಿಂತು ಕೇಳಿದರು.

"ಇದು ಯಾರದ್ದು ಮಾಸ್ಟ್ರೆ?" ಎಂದರು. "ಇದು ಅವರದ್ದಲ್ಲ."

ಅವರು ಒಳಗೆ ಹೋದ ಮೇಲೆ ನಾವು ಮಾಡಿದ ಕೆಲಸವನ್ನು ಯಾವ ಮೆಕ್ಯಾನಿಕ್ಕೂ ಮಾಡಿರಲಾರ. ಸರಿಯಾಗಿ ಓಡುವ ಇಂಜಿನ್ನನ್ನು ಕೆಡಿಸಲು ಕೂತೆವು. ಒಂದು ಪ್ಲಗ್ಗಿನ ವೈರು ಸಡಿಲ ಮಾಡಿದರೆ ಅದು ಬಿಕ್ಕಳಿಸುತ್ತಿತ್ತು, ಕೆಮ್ಮುತ್ತಿರಲಿಲ್ಲ. ಗಾಳಿ ಹೋಗುವ ಬಾಯಿಗೆ ಬಟ್ಟೆ ತುರುಕಿದರೆ ಗೊರಕೆ ಹೊಡೆಯುತ್ತಿತ್ತು, ನಗುತ್ತಿರಲಿಲ್ಲ. ಪ್ರತಿ ಸಲವೂ ಅಡುಗೆಮನೆಯ ಕಿಟಕಿಯಿಂದ ಅದಲ್ಲ ಎಂಬ ಉತ್ತರ. ಮೊಬೈಲಿನಲ್ಲಿ ವಿಡಿಯೋ ಇದೆಯಲ್ಲ ಎಂದು ಡಾಕ್ಟ್ರಿಗೆ ನೆನಪಾಯಿತು. ಇತ್ತು, ಬೇಕಾದಷ್ಟು. ಎಲ್ಲದರಲ್ಲೂ ಕುಶಾಲಪ್ಪಣ್ಣ ಇಂಜಿನ್ನಿನ ಎದುರು ನಿಂತು ಗಂಟಲು ಹರಿಯುವಂತೆ ವಿವರಿಸುತ್ತಿದ್ದಾರೆ, ನಾವು ಅಷ್ಟೇ ಜೋರಾಗಿ ಪ್ರಶ್ನೆ ಕೇಳಿ ತಲೆ ತಿನ್ನುತ್ತಿದ್ದೇವೆ, ಇಂಜಿನ್ ಎಲ್ಲೋ ಹಿಂದೆ ಗುಂಯ್ ಅನ್ನುತ್ತಿದೆ. ಪೂವಕ್ಕ ನೋಡಿದರು. "ಅವರ ಮಾತು ನನ್ನ ಕಿವಿಯಲ್ಲೇ ಉಂಟು, ಇಂಜಿನ್ ಎಲ್ಲಿ?" ಎಂದು ಕೇಳಿ ಮೊಬೈಲ್ ವಾಪಸ್ ಕೊಟ್ಟರು.

ಹಾಗಾದರೆ ಆ ಶಬ್ದ ನಿಜಕ್ಕೂ ಹೇಗಿತ್ತು ಎಂದು ನಮ್ಮಲ್ಲೇ ಜಗಳ ಹತ್ತಿತು. ಬಾಯಿಮಾತಿನಲ್ಲಿ ಹೇಳಿ ತೀರಲಿಲ್ಲ, ಮಾಡಿ ತೋರಿಸಬೇಕಾಯಿತು. ಮೂವರು ಮಾನವಂತರು, ಒಬ್ಬ ವ್ಯಾಪಾರಿ, ಒಬ್ಬ ಡಾಕ್ಟ್ರು, ಒಬ್ಬ ಮಾಸ್ಟ್ರು, ಶೆಡ್ಡಿನಲ್ಲಿ ಎದುರುಬದುರು ನಿಂತು ಬಾಯಲ್ಲಿ ಇಂಜಿನ್ ಓಡಿಸತೊಡಗಿದೆವು. ಡಾಕ್ಟ್ರದ್ದು ಎಮ್ಮೆ ಕೂಗಿದಂತೆ ಬಂತು, ವೃತ್ತಿದೋಷ. ಅಬ್ಬಾಸಾಕನದು ಸುಳ್ಯದ ಬಸ್ಸು ಇಳಿಜಾರಿನಲ್ಲಿ ಬಂದಂತೆ ನುಣ್ಣಗೆ ಹೋಯಿತು. ಅಲ್ಲ ಮಾರಾಯ್ರೆ, ಹೀಗೆ ಎಂದು ನಾನು ಶುರು ಮಾಡಿದೆ. ಡುಗು ಡುಗು ಡುಗು, ಒಂದು ಕೆಮ್ಮು, ಒಂಚೂರು ಉಸಿರು ಎಳೆದುಕೊಳ್ಳುವುದು, ನಿಂತೇ ಹೋಯಿತು ಅನ್ನುವಾಗ ಪುನಃ ಡುಗು ಡುಗು. ಮಾಡುತ್ತಾ ಕಣ್ಣು ಮುಚ್ಚಿದೆ. ತೆರೆದಾಗ ಉಳಿದಿಬ್ಬರೂ ಬಾಯಿ ಮುಚ್ಚಿದ್ದರು. ಅಡುಗೆಮನೆಯಿಂದ ಅಕ್ಕಿ ತೊಳೆಯುವ ಶಬ್ದ ಬರುತ್ತಿತ್ತು.

ನಿಲ್ಲಿಸಬೇಡಿ ಎಂದು ಡಾಕ್ಟ್ರು ಸನ್ನೆ ಮಾಡಿದರು. ನಿಮಗೆ ಗೊತ್ತಿರಬಹುದು, ಕುಚ್ಚಲಕ್ಕಿ ಬೇಯುವುದಕ್ಕೆ ಎಷ್ಟು ಹೊತ್ತು ಬೇಕೆಂದು. ನನಗೆ ಅವತ್ತು ಗೊತ್ತಾಯಿತು. ಬೆವರು ಕಿತ್ತುಕೊಂಡು ಬಂತು, ದವಡೆ ಮರಗಟ್ಟಿತು. ಭವ್ಯ ಲೋಟದಲ್ಲಿ ನೀರು ಹಿಡಿದು ನಿಂತಿದ್ದಳು, ಕೆಮ್ಮಿನ ಜಾಗದಲ್ಲಿ ಒಂದೊಂದು ಗುಟುಕು ಕುಡಿಸುತ್ತಿದ್ದಳು. ತಡೆಯಲಾರದೆ ಅಬ್ಬಾಸಾಕನಿಗೆ ಕೈ ತೋರಿಸಿದೆ, ಅವರು ಮೆಲ್ಲನೆ ಶ್ರುತಿ ಹಿಡಿದು ಸೇರಿಕೊಂಡರು. ತಕ್ಷಣ ಒಳಗಿನಿಂದ, "ಈಗ ಬೇರೆ ಯಾರೋ ಓಡಿಸ್ತಾ ಇದ್ದಾರೆ" ಎಂಬ ಮಾತು ಬಂತು. ಪುನಃ ನಾನೇ. ಕೊನೆಗೆ ಪೂವಕ್ಕ ಹೊಸ್ತಿಲಿಗೆ ಬಂದು, ಸಾಕು, ಆಫ್ ಮಾಡಿ ಎಂದರು. ಆ ದಿನ ಅವರು ಎರಡು ಸಲ ಬಡಿಸಿಕೊಂಡು ಉಂಡರು. ನಾನು ಉಣ್ಣಲಿಲ್ಲ, ಬಾಯಿ ತೆರೆಯಲು ಆಗುತ್ತಿರಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಮರುದಿನ ಬೆಳಿಗ್ಗೆ ಭವ್ಯಳ ಫೋನು. ಅತ್ತೆ ನೀರಿಟ್ಟು ಕೂತಿದ್ದಾರೆ ಸರ್, ಸ್ಪೀಕರಿಗೆ ಹಾಕ್ತೇನೆ ಎಂದಳು. ನಾನು ಹಲ್ಲುಜ್ಜುತ್ತಿದ್ದೆ. ಉಗಿದು ಸ್ಟಾರ್ಟ್ ಮಾಡಿದೆ. ರೆಕಾರ್ಡ್ ಮಾಡಿ ಇಟ್ಟುಕೊಳ್ಳಬಹುದಲ್ಲ ಎಂದು ನೀವು ಹೇಳುತ್ತೀರಿ, ಅದನ್ನೂ ಮಾಡಿ ನೋಡಿದ್ದಾಯಿತು. ದಿನಾ ಒಂದೇ ಜಾಗದಲ್ಲಿ ಕೆಮ್ಮಿದರೆ ಅದು ಸುಳ್ಳು ಎಂದು ಪೂವಕ್ಕ ಎರಡನೇ ದಿನವೇ ಹಿಡಿದುಬಿಟ್ಟರು. ಹಾಗಾಗಿ ಈಗ ದಿನಾ ಬೆಳಿಗ್ಗೆ ಪುತ್ತೂರಿನಲ್ಲಿ ನಾನು ಓಡುತ್ತೇನೆ, ಬೆಳ್ಳಾರೆಯಲ್ಲಿ ಅನ್ನ ಬೇಯುತ್ತದೆ. ನನ್ನ ಮೇಲೆ ಕರುಣೆಯಿಂದ ಅವರು ಈಚೆಗೆ ಅಕ್ಕಿಯನ್ನು ಮುಂಚಿತವಾಗಿ ನೆನೆಸಿಡುತ್ತಾರೆ, ಬೇಗ ಬೇಯಲೆಂದು. ನಡುನಡುವೆ ಪೂವಕ್ಕ ಅರೆಭಾಷೆಯಲ್ಲಿ ಬೈಯುವುದೂ ಫೋನಿನಲ್ಲಿ ಕೇಳುತ್ತದೆ. ಮೊದಲ ಸಲ ಬೈದಾಗ ನಾನು ಗಾಬರಿಯಿಂದ ನಿಲ್ಲಿಸಿದ್ದೆ. ನಿಮಗಲ್ಲ ಸರ್, ಓಡಿಸಿ ಎಂದು ಭವ್ಯ ಪಿಸುಗುಟ್ಟಿದಳು. ನನ್ನ ಹೆಂಡತಿ ಆ ಹೊತ್ತಿಗೆ ಜಗಲಿಯ ಬಾಗಿಲು ಹಾಕಿಬಿಡುತ್ತಾಳೆ. ಪಕ್ಕದ ಮನೆಯವರು, ಅಂತೂ ನಿಮ್ಮ ಇಂಜಿನ್ ರಿಪೇರಿ ಆಯ್ತಲ್ಲ ಎಂದು ಸಂತೋಷ ವ್ಯಕ್ತಪಡಿಸಿದರು. ನಮ್ಮ ಮೂವರ ಇಂಜಿನ್ನುಗಳೂ ಸಾಮಾನಿಲ್ಲದೆ ಮೂಕವಾಗಿ ಕೂತಿವೆ ಎಂದು ಅವರಿಗೆ ಹೇಳಲು ಹೋಗಲಿಲ್ಲ.

ಮೊನ್ನೆ ನನಗೆ ಮಳೆಯಲ್ಲಿ ನೆನೆದು ನೆಗಡಿಯಾಯಿತು. ಎದೆಯಲ್ಲಿ ಕಫ, ಮೂಗು ಕಟ್ಟಿದೆ, ಗಂಟಲು ಗೊರಗೊರ. ಬಿಡುವಂತಿಲ್ಲವಲ್ಲ, ಹಾಗೇ ಸ್ಟಾರ್ಟ್ ಮಾಡಿದೆ. ಎಳೆದರೆ ಬರುವುದಿಲ್ಲ, ಬಂದರೆ ನಿಲ್ಲುವುದಿಲ್ಲ, ನಡುವೆ ಎಲ್ಲೆಲ್ಲೋ ಕೆಮ್ಮು. ಇವತ್ತು ಅದಲ್ಲ ಅನ್ನಿಸಿಕೊಳ್ಳುವುದು ಖಂಡಿತ ಎಂದುಕೊಂಡು ಹೇಗೋ ಕೊನೆಯವರೆಗೆ ಓಡಿಸಿದೆ. ಆ ಕಡೆಯಿಂದ ಬೈಗುಳವೂ ಬರಲಿಲ್ಲ, ಆಫ್ ಮಾಡಿ ಎಂಬ ಮಾತೂ ಬರಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು ನಿಲ್ಲಿಸಿದೆ.

"ಇವತ್ತು ಅವರೇ ಬಂದು ಓಡಿಸಿದ ಹಾಗೆ ಇತ್ತು ಮಾಸ್ಟ್ರೆ" ಎಂದರು ಪೂವಕ್ಕ. ಆಮೇಲೆ ಗಂಜಿ ಬಸಿಯುವ ಶಬ್ದ ಕೇಳಿಸಿತು. ಅದು ಮುಗಿಯುವವರೆಗೆ ನಾನು ಫೋನ್ ಇಡಲಿಲ್ಲ.

ಅದೇ ಸಂಜೆ ಹೆಂಡತಿ ನನ್ನನ್ನು ಡಾಕ್ಟ್ರ ಹತ್ತಿರ ಎಳೆದುಕೊಂಡು ಹೋದಳು, ಈ ಸಲ ಮನುಷ್ಯರ ಡಾಕ್ಟ್ರು. ಮಾತ್ರೆ ಕೊಟ್ಟಿದ್ದಾರೆ, ತೆಗೆದುಕೊಂಡರೆ ಕೆಮ್ಮು ಪೂರ್ತಿ ಹೋಗುತ್ತದೆ ಎಂದಿದ್ದಾರೆ. ದಿನಾ ಊಟದ ನಂತರ ಅವಳು ಒಂದು ಮಾತ್ರೆ, ಒಂದು ಲೋಟ ನೀರು ತಂದು ಕೈಗೆ ಕೊಡುತ್ತಾಳೆ. ನಾನು ನೀರು ಮಾತ್ರ ಕುಡಿಯುತ್ತಿದ್ದೇನೆ.